ಮಗು ಬಟ್ಟೆಗೆ ಯಾವ ಲಿಕ್ವಿಡ್ ಕೊಡ್ಲಿ?

ಕೊಡಗಿನ ಸುಂಟಿಕೊಪ್ಪದಲ್ಲಿ ನನ್ನದೊಂದು ಸಣ್ಣ ದಿನಸಿ ಅಂಗಡಿ ಇದೆ. ಮನೆಯಲ್ಲಿ ಬಾಣಂತಿ ಇರುವವರು ಬಂದರೆ ಬೆಳ್ಳುಳ್ಳಿ, ಓಮ, ಮೆಣಸು ಎಲ್ಲ ಕಟ್ಟಿಸಿಕೊಂಡು ಕೊನೆಗೆ ಕೇಳುತ್ತಾರೆ: "ಅಣ್ಣಾ, ಮಗು ಬಟ್ಟೆ ಒಗೆಯೋಕೆ ಯಾವ್ದು ಒಳ್ಳೇದು?" ಮೊದಲೆಲ್ಲ ನಾನು ಮಗುವಿನ ಫೋಟೊ ಇರುವ ಬಾಟಲಿ ತೆಗೆದು ಕೊಡುತ್ತಿದ್ದೆ. ಲಾಭವೂ ಅದರಲ್ಲೇ ಜಾಸ್ತಿ. ಮಗಳು ಹುಟ್ಟಿದ ಮೇಲೆ ಆ ಅಭ್ಯಾಸ ಬಿಟ್ಟೆ.

ಅವಳು ಹುಟ್ಟಿದ್ದು ಜುಲೈ ತಿಂಗಳಲ್ಲಿ. ಹೊರಗೆ ಬಿಡದ ಮಳೆ. ಅತ್ತೆಗೆ ಮಂಡಿ ನೋವು, ಹಾಗಾಗಿ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಅಡುಗೆ, ಎಣ್ಣೆನೀರು ಅಮ್ಮನ ಪಾಲಿಗೆ, ಬಟ್ಟೆ ನನ್ನ ಪಾಲಿಗೆ. ದಿನಕ್ಕೆ ಇಪ್ಪತ್ತು ಲಂಗೋಟಿ, ಏಳೆಂಟು ಜಬಲಾ, ಅದರ ಮೇಲೆ ಸುತ್ತುವ ಹಳೇ ಸೀರೆ ತುಂಡುಗಳು. ನನ್ನದೇ ಅಂಗಡಿ ಅಲ್ವಾ, ಇದ್ದದ್ದರಲ್ಲಿ ದುಬಾರಿ ಬಾಟಲಿ ತಂದೆ. ಅರ್ಧ ಬಕೆಟ್ ನೀರಿಗೆ ಒಂದು ಮುಚ್ಚಳ ತುಂಬಾ ಸುರಿಯುತ್ತಿದ್ದೆ. ಮಗು ಬಟ್ಟೆ, ಚೆನ್ನಾಗಿ ಕ್ಲೀನ್ ಆಗಲಿ ಅಂತ ಇನ್ನೊಂದು ಸ್ವಲ್ಪ.

ಹತ್ತು ದಿನಕ್ಕೆ ಮಗುವಿನ ಹೊಟ್ಟೆ, ಬೆನ್ನು ಕೆಂಪಾಗಿ ಉಪ್ಪಿನ ಕಾಗದದ ಹಾಗೆ ಒರಟಾಯಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಮೈಯೆಲ್ಲ ನೋಡಿ, ಔಷಧಿ ಬರೆಯುವ ಮೊದಲು ಕೇಳಿದರು: "ಬಟ್ಟೆ ಎಷ್ಟು ಸಲ ಜಾಲಿಸ್ತೀರಿ?" ಎರಡು ಸಲ ಅಂದೆ. "ಮನೆಗೆ ಹೋಗಿ ಒಣಗಿದ ಜಬಲಾ ಒಂದನ್ನ ಬರೀ ನೀರಲ್ಲಿ ಹಾಕಿ ಕಿವುಚಿ ನೋಡಿ" ಅಂದರು.

ಮಾಡಿ ನೋಡಿದೆ. ಒಗೆದು, ಒಣಗಿಸಿ, ಮಡಿಸಿಟ್ಟ ಬಟ್ಟೆ ಅದು. ಸ್ಟೀಲ್ ಬೋಗುಣಿಯಲ್ಲಿ ಶುದ್ಧ ನೀರು ಹಾಕಿ ನಾಲ್ಕು ಸಲ ಹಿಂಡಿದ್ದೇ ತಡ, ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಯಿತು. ಅಂಚಿನಲ್ಲಿ ಸಣ್ಣ ಸಣ್ಣ ನೊರೆ. ಇಷ್ಟು ದಿನ ಮಗು ಸೋಪನ್ನೇ ಹೊದ್ದು ಮಲಗಿತ್ತು.

ಮೊದಲು ನೋಡಬೇಕಾದ್ದು ಬಾಟಲಿ ಅಲ್ಲ, ನಿಮ್ಮ ಮನೆ ನೀರು. ನಮ್ಮ ಮನೆಗೆ ಬರುವುದು ಗುಡ್ಡದ ಒರತೆ ನೀರು, ಮಳೆಗಾಲದಲ್ಲಿ ಹೆಂಚಿನಿಂದ ಇಳಿದ ನೀರನ್ನೂ ಹಿಡಿಯುತ್ತೇವೆ. ಇದು ಮೆದು ನೀರು. ಚಿಟಿಕೆ ಸೋಪಿಗೂ ಬಕೆಟ್ ತುಂಬಾ ನೊರೆ ಬರುತ್ತದೆ, ಹೋಗು ಅಂದ್ರೂ ಹೋಗುವುದಿಲ್ಲ. ಇಂಥ ನೀರಿಗೆ ಸೋಪು ತುಂಬಾ ಕಮ್ಮಿ ಸಾಕು. ಕುಶಾಲನಗರದಲ್ಲಿ ತಂಗಿ ಮನೆಯ ಕೊಳವೆಬಾವಿ ನೀರಿನ ಕತೆ ಬೇರೆ. ಅದು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಾರ್ ಸೋಪಿನ ಜೊತೆ ಸೇರಿ ಬಿಳಿ ಗಸಿ ಆಗುತ್ತದೆ, ಬಟ್ಟೆಗೆ ಅಂಟಿಕೊಂಡು ಒರಟು ಮಾಡುತ್ತದೆ. ಅಲ್ಲಿ ಬಾರ್‌ಗಿಂತ ಲಿಕ್ವಿಡ್ ಡಿಟರ್ಜೆಂಟ್ ವಾಸಿ. ನಿಮ್ಮ ನೀರಿನಲ್ಲಿ ಕಬ್ಬಿಣದ ಅಂಶ ಇದ್ದು ಬಿಳಿ ಬಟ್ಟೆ ಹಳದಿಯಾಗುತ್ತಿದ್ದರೆ ಬ್ಲೀಚ್ ಹಾಕಬೇಡಿ. ಕಲೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ.

ಅಳತೆ: ಕೈಯಲ್ಲಿ ಒಗೆಯುವುದಾದರೆ, ನಮ್ಮ ಕಡೆಯ ನೀರಿಗೆ, ಅರ್ಧ ಬಕೆಟ್‌ಗೆ ಒಂದು ಟೀ ಚಮಚ ಲಿಕ್ವಿಡ್. ಅಷ್ಟೇ. ಬಾಟಲಿ ಮುಚ್ಚಳದ ಗೆರೆ ಸಾಮಾನ್ಯವಾಗಿ ಮೆಷಿನ್ ತುಂಬಾ ಬಟ್ಟೆಯ ಲೆಕ್ಕ, ಬಕೆಟ್‌ನದ್ದಲ್ಲ. ಆಮೇಲೆ ಮೂರು ಸಲ ಹೊಸ ನೀರಲ್ಲಿ ಜಾಲಿಸಿ. ಕೊನೆಯ ನೀರು ಕುಡಿಯುವ ನೀರಿನ ಹಾಗೆ ತಿಳಿಯಾಗಿ ಇರಬೇಕು. ಇಲ್ಲದಿದ್ದರೆ ನಾಲ್ಕನೇ ಸಲ. ಪೌಡರ್ ಬಳಸುವವರು ಮೊದಲು ಒಂದು ಚೊಂಬು ಬಿಸಿನೀರಲ್ಲಿ ಪೂರ್ತಿ ಕರಗಿಸಿ. ಡಿಸೆಂಬರ್ ಬೆಳಿಗ್ಗೆಯ ನಮ್ಮ ತಣ್ಣೀರಲ್ಲಿ ಅದು ಕರಗದೆ ಹೊಲಿಗೆ ಸಂದಿಯಲ್ಲಿ ಕಾಳು ಕಾಳಾಗಿ ಉಳಿಯುತ್ತದೆ.

ಈಗ ಬಾಟಲಿಗೆ ಬರೋಣ. "ಬೇಬಿ" ಅಂತ ಬರೆದದ್ದನ್ನು ನಂಬಿ ತಗೋಬೇಡಿ, ಹಿಂದೆ ತಿರುಗಿಸಿ ಓದಿ. ಎಷ್ಟೋ ಪ್ಯಾಕೆಟ್‌ಗಳ ಮೇಲೆ ಪೂರ್ತಿ ಪಟ್ಟಿ ಇರುವುದೇ ಇಲ್ಲ. ಪಟ್ಟಿ ಹಾಕಿದವರದ್ದನ್ನೇ ಆರಿಸಿ. ಮೊದಲು ಹುಡುಕಬೇಕಾದ್ದು ಸುವಾಸನೆ. ಚರ್ಮದ ಅಲರ್ಜಿಗೆ ಸುವಾಸನೆ ಪದಾರ್ಥಗಳು ದೊಡ್ಡ ಕಾರಣ. "ಫ್ರ್ಯಾಗ್ರೆನ್ಸ್ ಫ್ರೀ" ಅಂತ ಇದ್ದರೆ ಒಳ್ಳೆಯದು. "ಅನ್‌ಸೆಂಟೆಡ್" ಅಂದರೆ ಅದೇ ಅಲ್ಲ. ಬೇರೆ ವಾಸನೆ ಮುಚ್ಚಲು ಅದಕ್ಕೂ ಒಂದು ಸುವಾಸನೆ ಬೆರೆಸಿರಬಹುದು. ಇನ್ನೊಂದು ಹೆಸರು ನಾಲಗೆಗೆ ಹತ್ತುವುದಿಲ್ಲ: ಮಿಥೈಲ್‌ಐಸೋಥಯಾಜೋಲಿನೋನ್. ಲಿಕ್ವಿಡ್ ಕೆಡದಿರಲಿ ಅಂತ ಹಾಕುತ್ತಾರೆ. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2013ರಲ್ಲಿ ಇದನ್ನೇ "ವರ್ಷದ ಅಲರ್ಜಿಕಾರಕ" ಅಂತ ಹೆಸರಿಸಿತ್ತು. ಎಲೆ, ಹೂವಿನ ಚಿತ್ರ ಇರುವ "ನ್ಯಾಚುರಲ್" ಬಾಟಲಿಯಲ್ಲೂ ಇದು ಇರಬಹುದು.

ಬಟ್ಟೆ ಬೆಳ್ಳಗೆ ಹೊಳೆಯಬೇಕು ಅನ್ನುವವರಿಗೆ ನಾನು ಅಂಗಡಿಯಲ್ಲೇ ಒಂದು ಆಟ ತೋರಿಸುತ್ತೇನೆ. ಕೋರಾ ಬಟ್ಟೆಯ ಎರಡು ತುಂಡು ಇಟ್ಟಿದ್ದೇನೆ. ಒಂದನ್ನು "ಹಾಲಿನ ಬಿಳುಪು" ಅನ್ನುವ ಪೌಡರಿನಲ್ಲಿ ಒಗೆದದ್ದು, ಇನ್ನೊಂದನ್ನು ಬ್ರೈಟ್ನರ್ ಇಲ್ಲದ ಲಿಕ್ವಿಡ್‌ನಲ್ಲಿ. ಖೋಟಾ ನೋಟು ನೋಡುವ ನೇರಳೆ ಲೈಟಿನ ಕೆಳಗೆ ಎರಡನ್ನೂ ಹಿಡಿಯುತ್ತೇನೆ. ಮೊದಲನೆಯದು ನಿಯಾನ್ ಬೋರ್ಡಿನ ಹಾಗೆ ನೀಲಿಯಾಗಿ ಹೊಳೆಯುತ್ತದೆ. ಎರಡನೆಯದು ಸುಮ್ನೆ ಮಂಕಾಗಿ ಕೂತಿರುತ್ತದೆ. ಆ ಹೊಳಪು ಕೊಳೆ ತೆಗೆದದ್ದರಿಂದ ಬಂದದ್ದಲ್ಲ. ಬಟ್ಟೆಯಲ್ಲೇ ಉಳಿದು, ಕಣ್ಣಿಗೆ ಕಾಣದ ಬೆಳಕನ್ನು ಹೀರಿ ನೀಲಿ ಬೆಳಕಾಗಿ ಬಿಡುವ ಬ್ರೈಟ್ನರ್ ಅನ್ನುವ ಪದಾರ್ಥದ್ದು. ವಿಷ ಅಂತ ನಾನು ಹೇಳುತ್ತಿಲ್ಲ. ಮಗುವಿನ ಮೈಮೇಲೆ ಅದಕ್ಕೇನು ಕೆಲಸ, ಅಷ್ಟೇ. ಕೊನೇ ನೀರಿಗೆ ಹಾಕುವ ನೀಲಿಗೂ ಇದೇ ಮಾತು. ಆಂಟಿಸೆಪ್ಟಿಕ್ ದ್ರಾವಣವೂ ದಿನಾ ಬೇಡ.

ಕಂಫರ್ಟು, ಸಾಫ್ಟ್‌ನರು ಅಂತ ಕೇಳುವವರೂ ಇದ್ದಾರೆ. ಅದು ನೂಲಿನ ಮೇಲೆ ತೆಳುವಾಗಿ ಜಿಡ್ಡು ಹಚ್ಚಿದ ಹಾಗೆ. ಬಟ್ಟೆ ಮೆತ್ತಗಾಗುತ್ತದೆ ನಿಜ, ಲಂಗೋಟಿ ಉಚ್ಚೆ ಹೀರುವುದು ಕಮ್ಮಿಯಾಗುತ್ತದೆ. ಲಂಗೋಟಿಯ ಕೆಲಸವೇ ಅದು ತಾನೆ?

ಎಂಜೈಮ್ ಇರುವ ಡಿಟರ್ಜೆಂಟ್ ಬಗ್ಗೆ ಹೆದರಿಕೆ ಜಾಸ್ತಿ. ಚೆನ್ನಾಗಿ ಜಾಲಿಸಿದರೆ ಹತ್ತಿ ಬಟ್ಟೆಗೆ ತೊಂದರೆ ಇಲ್ಲ, ಹಾಲು ಕಕ್ಕಿದ ಕಲೆ, ಕಕ್ಕದ ಕಲೆಗೆ ಅದು ಕೆಲಸಕ್ಕೆ ಬರುತ್ತದೆ. ಆದರೆ ಉಣ್ಣೆಗೆ ಬೇಡ. ಉಣ್ಣೆ ಅಂದರೆ ಪ್ರೋಟೀನು, ಪ್ರೋಟೀನ್ ಕಲೆ ಕರಗಿಸುವ ಎಂಜೈಮ್ ಉಣ್ಣೆಯನ್ನೂ ತಿನ್ನುತ್ತದೆ. ನಮ್ಮ ಚಳಿಗೆ ಮಗುವಿಗೆ ಕುಲಾವಿ, ಸ್ವೆಟರ್ ಇಲ್ಲದೆ ಆಗುವುದಿಲ್ಲ ನೋಡಿ. ಅದಕ್ಕೆ ಅಮ್ಮನ ಅಂಟುವಾಳವೇ ಸರಿ. ನಾಲ್ಕೈದು ಕಾಯಿ ಒಡೆದು, ಬೀಜ ತೆಗೆದು, ರಾತ್ರಿ ನೆನೆಹಾಕಿ ಬೆಳಿಗ್ಗೆ ಕಿವುಚಿ ಸೋಸಿದರೆ ಆಯಿತು. ಎರಡು ದಿನಕ್ಕೆ ಹುಳಿ ವಾಸನೆ ಬರುತ್ತದೆ, ಜಾಸ್ತಿ ಮಾಡಿಡಬೇಡಿ. ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಲಂಗೋಟಿಯ ಕೊಳೆಗೆ ಮಾತ್ರ ಅದರ ಶಕ್ತಿ ಸಾಲದು. ಅಮ್ಮ ಒಪ್ಪುವುದಿಲ್ಲ, ಅದು ಬೇರೆ ವಿಷಯ.

ಕಕ್ಕ ಆದ ಬಟ್ಟೆಯನ್ನು ಮೊದಲು ತಣ್ಣೀರಲ್ಲಿ ಬಿಡಬೇಕು. ನೇರ ಬಿಸಿನೀರಿಗೆ ಹಾಕಿದರೆ ಕಲೆ ಕೂತುಬಿಡುತ್ತದೆ. ತಣ್ಣೀರಲ್ಲಿ ಬಿಟ್ಟ ಮೇಲೆ ಒಗೆಯಲು ಬಿಸಿನೀರು ಬಳಸಬಹುದು. ತೋಟದ ಬಟ್ಟೆ ಜೊತೆ ಮಗು ಬಟ್ಟೆ ಯಾವತ್ತೂ ಸೇರಿಸಬೇಡಿ. ಗಿಡಗಳಿಗೆ ಬೋರ್ಡೋ ಔಷಧಿ ಹೊಡೆದು ಬಂದ ಶರ್ಟಿನಲ್ಲಿ ಮೈಲುತುತ್ತು ಇರುತ್ತದೆ, ಅದಕ್ಕೆ ಬಕೆಟ್ಟೇ ಬೇರೆ ಇರಲಿ. ಹೊಸ ಬಟ್ಟೆ ತಂದರೆ ಒಂದು ಸಲ ಒಗೆದೇ ಹಾಕಿ.

ಮಳೆಗಾಲದಲ್ಲಿ ಬಟ್ಟೆಗೆ ಮುಗ್ಗಲು ವಾಸನೆ ಬಂದರೆ ಜನ ಇನ್ನೂ ಘಮಘಮ ಅನ್ನುವ ಲಿಕ್ವಿಡ್ ಕೇಳುತ್ತಾರೆ. ಅದು ಸೋಪಿನ ತಪ್ಪಲ್ಲ, ಒಣಗದ್ದರ ತಪ್ಪು. ನಾನು ಒದ್ದೆ ಜಬಲಾಗಳನ್ನು ಒಣಗಿದ ಬೈರಾಸಿನಲ್ಲಿ, ಅಂದರೆ ಟವೆಲ್‌ನಲ್ಲಿ, ಸುರುಳಿ ಸುತ್ತಿ ಮೇಲೆ ಮಂಡಿಯೂರಿ ಒತ್ತುತ್ತಿದ್ದೆ. ಅರ್ಧ ನೀರು ಬೈರಾಸಿಗೆ ಹೋಗುತ್ತದೆ. ಆಮೇಲೆ ಬಚ್ಚಲ ಒಲೆ ಇರುವ ಗೋಡೆಯ ಆಚೆ ಬದಿಯಲ್ಲಿ ಹಗ್ಗ. ಗೋಡೆ ಬಿಸಿ ಸಿಗುತ್ತದೆ, ಹೊಗೆ ತಾಗುವುದಿಲ್ಲ. ಕೊನೆಗೆ ಇಸ್ತ್ರಿ. ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಸಾಂಬ್ರಾಣಿ ಹೊಗೆಯಲ್ಲಿ ಬಟ್ಟೆ ಒಣಗಿಸುವುದು ನಮ್ಮಲ್ಲಿ ಹಳೇ ಪದ್ಧತಿ. ಅಮ್ಮನ ಜೊತೆ ನಾನು ಜಗಳ ಆಡಿದ್ದು ಅದೊಂದಕ್ಕೆ. ಅಷ್ಟು ಚಿಕ್ಕ ಶ್ವಾಸಕೋಶಕ್ಕೆ ಆ ಹೊಗೆ ಬೇಡ.

ಇದೊಂದನ್ನು ಮಾತ್ರ ಮರೆಯಬೇಡಿ. ಟ್ರಂಕಿನಿಂದ ತೆಗೆದ ಹಳೇ ಬಟ್ಟೆಯಲ್ಲಿ ನ್ಯಾಫ್ತಲಿನ್ ಗುಳಿಗೆ ವಾಸನೆ ಇದ್ದರೆ ಅದನ್ನು ಮಗುವಿಗೆ ಸುತ್ತಬೇಡಿ. ಜಿ6ಪಿಡಿ ಅನ್ನುವ ಎಂಜೈಮ್ ಕೊರತೆ ಇರುವ ಮಕ್ಕಳಲ್ಲಿ ಆ ಗುಳಿಗೆಯ ಆವಿಯೇ ರಕ್ತದ ಕೆಂಪು ಕಣ ಒಡೆಯುವಂತೆ ಮಾಡುತ್ತದೆ, ಕಾಮಾಲೆ ವಿಪರೀತ ಏರಬಹುದು. ಕೊರತೆ ಇದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ನಾನು ಮಗು ಇರುವ ಮನೆಯವರಿಗೆ ಆ ಗುಳಿಗೆ ಮಾರುವುದನ್ನೇ ಬಿಟ್ಟಿದ್ದೇನೆ.

ಹೊಸ ಲಿಕ್ವಿಡ್ ತಗೊಂಡರೆ ಸಣ್ಣ ಪೌಚ್ ತಗೊಳ್ಳಿ. ಒಂದೇ ಜಬಲಾ ಒಗೆದು ಹಾಕಿ, ಒಂದೆರಡು ದಿನ ಹೊಟ್ಟೆ, ಬೆನ್ನು ನೋಡಿ. ಬಟ್ಟೆ ಉಜ್ಜುವ ಜಾಗದಲ್ಲಿ ಕೆಂಪಾದರೆ ಅನುಮಾನ ಪಡಿ. ಕತ್ತಿನ ಮಡಿಕೆಯಲ್ಲಿ ಮಾತ್ರ ಇದ್ದರೆ ಬೆವರಿನದ್ದಿರಬಹುದು, ಲಂಗೋಟಿ ಜಾಗದಲ್ಲಿ ಮಾತ್ರ ಇದ್ದರೆ ಒದ್ದೆಯದ್ದು. ನೀರು ಒಸರಿದರೆ, ಜ್ವರ ಬಂದರೆ ಅಂಗಡಿಗೆ ಬರಬೇಡಿ, ಡಾಕ್ಟರ ಹತ್ತಿರ ಹೋಗಿ. ಉಳಿದ ಲಿಕ್ವಿಡ್‌ನ್ನು ಜ್ಯೂಸ್ ಬಾಟಲಿಗೆ ಸುರಿದು ಕೆಳಗೆ ಇಡಬೇಡಿ, ಅಂಬೆಗಾಲಿಡುವ ಮಗು ಒಂದು ದಿನ ಅದನ್ನು ಹುಡುಕಿಯೇ ಹುಡುಕುತ್ತದೆ.

ನನ್ನ ಮಗಳ ಕೆಂಪು ಒಂದು ವಾರದಲ್ಲಿ ಇಳಿಯಿತು. ಲಿಕ್ವಿಡ್ ಬದಲಿಸಿರಲಿಲ್ಲ, ಒಂದು ಚಮಚಕ್ಕೆ ಇಳಿಸಿ ಮೂರು ಸಲ ಜಾಲಿಸಿದ್ದೆ ಅಷ್ಟೇ. ಅದು ಮುಗಿದ ಮೇಲೆ ಸುವಾಸನೆ ಇಲ್ಲದ್ದಕ್ಕೆ ಬಂದೆವು. ಅಷ್ಟರಲ್ಲಿ ಆಗಸ್ಟ್ 3, ಕಕ್ಕಡ ಹದಿನೆಂಟು, ಕೊಡಗಿನಲ್ಲಿ ನೇರಳೆ ರಸ ಬಿಡುವ ಮದ್ದುಸೊಪ್ಪು ತಿನ್ನುವ ದಿನ. ಚಿಕ್ಕಮ್ಮ ಮದ್ದುಸೊಪ್ಪಿನ ಪಾಯಸ ತಿಂದ ಕೈಯಲ್ಲೇ ಮಗುವನ್ನು ಎತ್ತಿಕೊಂಡರು. ಬಿಳಿ ಜಬಲಾದ ಬೆನ್ನಿಗೆ ನೇರಳೆ ಬಣ್ಣದ ಐದು ಬೆರಳು. ತಣ್ಣೀರು, ಲಿಕ್ವಿಡ್, ಅಂಟುವಾಳ, ಅಕ್ಟೋಬರ್ ಬಿಸಿಲು ಎಲ್ಲ ಆಯಿತು. ಮಗಳಿಗೆ ಈಗ ನಾಲ್ಕು ವರ್ಷ, ಬೆರಳುಗಳು ಇನ್ನೂ ಅಲ್ಲೇ ಇವೆ. ಅದಕ್ಕೆ ಯಾವ ಲಿಕ್ವಿಡ್ ಅಂತ ಮಾತ್ರ ನನ್ನ ಕೇಳಬೇಡಿ.