ವೀರ್ಯ ತೊಳೆಯುವಾಗ ಕೊನೆಯ ಹನಿಯೇ ಮುಖ್ಯ: ಎಚ್‌ಐವಿ, ಹೆಪಟೈಟಿಸ್ ಇರುವ ಗಂಡಸರಿಗೆ ನಾವು ಅನುಸರಿಸುವ ಕ್ರಮ

ಬೆಂಗಳೂರಿನಲ್ಲಿ 'ಎಆರ್‌ಟಿ ಸೆಂಟರ್' ಅಂದರೆ ಎರಡು ಅರ್ಥ. ಬೌರಿಂಗ್‌ನಲ್ಲೋ ವಿಕ್ಟೋರಿಯಾದಲ್ಲೋ ಎಚ್‌ಐವಿ ಮಾತ್ರೆ ಕೊಡುವ ಜಾಗ ಒಂದು, ಮಗುವಿಗಾಗಿ ಚಿಕಿತ್ಸೆ ಕೊಡುವ ನಮ್ಮಂಥ ಜಾಗ ಇನ್ನೊಂದು. ಎಚ್‌ಐವಿ ಇರುವವರು ತಂದೆಯಾಗಬೇಕಾದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆ ಮೊದಲನೇ ಜಾಗದಲ್ಲೇ ಮುಗಿದಿರಬೇಕು. ಮಾತ್ರೆ ತಪ್ಪಿಸದೆ, ಆರು ತಿಂಗಳಿಂದ ವೈರಲ್ ಲೋಡ್ (ಒಂದು ಎಂಎಲ್ ರಕ್ತದಲ್ಲಿರುವ ವೈರಸ್ ಪ್ರತಿಗಳ ಲೆಕ್ಕ) 200ಕ್ಕಿಂತ ಕೆಳಗೇ ಇದ್ದರೆ ಲೈಂಗಿಕ ಸಂಪರ್ಕದಿಂದ ಹೆಂಡತಿಗೆ ಎಚ್‌ಐವಿ ಹರಡುವುದಿಲ್ಲ. ವೀರ್ಯಾಣುಗಳೂ ಚೆನ್ನಾಗಿದ್ದರೆ, ಮಾತ್ರೆ ಕೊಡುವ ವೈದ್ಯರಿಗೆ ಹೇಳಿ ಮನೆಯಲ್ಲೇ ಪ್ರಯತ್ನಿಸಿ ಎನ್ನುತ್ತೇವೆ. ಸಂಖ್ಯೆ ಕಡಿಮೆ ಇದ್ದವರಿಗೆ, ಹೆಂಡತಿಯ ಗರ್ಭನಾಳ ಮುಚ್ಚಿಕೊಂಡಿದ್ದವರಿಗೆ ಲ್ಯಾಬ್ ಬೇಕು.

ಎಚ್‌ಐವಿ ಇರುವುದು ವೀರ್ಯದ ದ್ರವದಲ್ಲಿ, ಬಿಳಿ ರಕ್ತಕಣಗಳಲ್ಲಿ. ಚುರುಕಾಗಿ ಈಜುವ ವೀರ್ಯಾಣುವನ್ನು ಅವುಗಳಿಂದ ಬೇರೆ ಮಾಡುವುದೇ ಸ್ಪರ್ಮ್ ವಾಷಿಂಗ್. 1992ರಲ್ಲಿ ಇಟಲಿಯ ಮಿಲಾನ್‌ನಿಂದ ವರದಿಯಾದ ದಾರಿ ಇದು.

ಸ್ಯಾಂಪಲ್ ಕ್ಲಿನಿಕ್‌ನಲ್ಲೇ ಕೊಡಬೇಕು. ವೈಟ್‌ಫೀಲ್ಡ್‌ನಿಂದ ಡಬ್ಬಿ ಹಿಡಿದು ಹೊರಟರೆ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಒಂದು ಗಂಟೆ ಮೀರಿರುತ್ತದೆ. 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ವೀರ್ಯ ನೀರಾಗುತ್ತದೆ. ಚೂಪು ತಳದ ಟ್ಯೂಬಿನಲ್ಲಿ ವೀರ್ಯಾಣು ಬೇರ್ಪಡಿಸುವ ದಟ್ಟ ದ್ರಾವಣ: ಮೊದಲು 80 ಪರ್ಸೆಂಟಿನದು 1 ಎಂಎಲ್, ಅದರ ಮೇಲೆ ಗೋಡೆಗುಂಟ ನಿಧಾನವಾಗಿ 40 ಪರ್ಸೆಂಟ್ 1 ಎಂಎಲ್, ಅದರ ಮೇಲೆ ವೀರ್ಯ 1 ಎಂಎಲ್. ಸೆಂಟ್ರಿಫ್ಯೂಜ್‌ನಲ್ಲಿ (ಗಿರ್ರನೆ ತಿರುಗಿಸುವ ಯಂತ್ರ) 300 ಜಿ ಬಲದಲ್ಲಿ, ಅಂದರೆ ಗುರುತ್ವದ 300 ಪಟ್ಟು, 20 ನಿಮಿಷ, ಬ್ರೇಕ್ ಹಾಕದೆ. ಗಕ್ಕನೆ ನಿಂತರೆ ಪದರಗಳು ಕಲಸಿಹೋಗುತ್ತವೆ. ಬೇರೆ ಲ್ಯಾಬಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಸಂಖ್ಯೆಯನ್ನು ಹಾಗೇ ಇಳಿಸಿಕೊಳ್ಳಬೇಡಿ, ಯಂತ್ರದೊಳಗೆ ತಿರುಗುವ ರೋಟರ್‌ನ ಅಳತೆ ಬದಲಾದರೆ ಜಿ ಬದಲಾಗುತ್ತದೆ.

ಎಲ್ಲ ಕೆಡುವುದು ಇದಾದ ಮೇಲೆ. ತಳದಲ್ಲಿ ಕೂತ ವೀರ್ಯಾಣುಗಳ ಬಿಳಿ ಚುಕ್ಕೆಯನ್ನು ತೆಗೆಯಲು ಪಿಪೆಟ್ಟನ್ನು (ಹೀರುಗೊಳವೆ) ಮೇಲಿನ ಪದರಗಳ ಮೂಲಕ ನೇರ ಇಳಿಸಿದರೆ, ತುದಿಗೆ ಅಂಟಿದ ದ್ರವ ವೈರಸ್ಸನ್ನೂ ಕೆಳಗೆ ಒಯ್ಯುತ್ತದೆ. ಮೊದಲು ಮೇಲಿನಿಂದ ಪದರ ಪದರವಾಗಿ ಹೀರಿ ಚೆಲ್ಲಿ. ಆಮೇಲೆ ಹೊಸ ಪಿಪೆಟ್, ಹೊಸ ಟ್ಯೂಬ್. ಟ್ಯೂಬಿನ ಗೋಡೆಗೆ ಪಿಪೆಟ್ ತಾಗಬಾರದು. 5 ಎಂಎಲ್ ಮೀಡಿಯಂ (ವೀರ್ಯಾಣುವನ್ನು ಜೀವಂತವಾಗಿಡುವ ದ್ರವ) ಹಾಕಿ 10 ನಿಮಿಷ ಮತ್ತೆ ತಿರುಗಿಸಿ. ಕೊನೆಗೆ ಚುಕ್ಕೆಯ ಮೇಲೆ 1 ಎಂಎಲ್ ಮೀಡಿಯಂ, ಟ್ಯೂಬ್ 45 ಡಿಗ್ರಿ ಓರೆ, ಒಂದು ಗಂಟೆ. ಮೇಲಕ್ಕೆ ಈಜಿ ಬಂದವನ್ನಷ್ಟೇ ತೆಗೆಯುತ್ತೇವೆ.

ಅದರಲ್ಲಿ ಒಂದು ಪಾಲು ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆಗೆ, ಉಳಿದದ್ದು ಫ್ರೀಜ್. ವೈರಸ್ ಕಂಡರೆ ಆ ಸ್ಯಾಂಪಲ್ ಬಳಸುವುದೇ ಇಲ್ಲ. ಕಾಣದಿದ್ದರೆ 'ಅಪಾಯ ತೀರಾ ಕಡಿಮೆ' ಎನ್ನುತ್ತೇವೆ. 'ಸೊನ್ನೆ' ಎಂದು ದಂಪತಿಗೆ ಹೇಳಬಾರದು. ತೊಳೆದ ಮೇಲೆ ಈಜುವವು 10 ಲಕ್ಷಕ್ಕಿಂತ ಕಡಿಮೆ ಉಳಿದರೆ ಐಯುಐಗಿಂತ (ವೀರ್ಯಾಣುಗಳನ್ನು ಗರ್ಭಕೋಶಕ್ಕೆ ಬಿಡುವುದು) ಇಕ್ಸಿ (ಲ್ಯಾಬಿನಲ್ಲಿ ಒಂದೇ ವೀರ್ಯಾಣುವನ್ನು ಅಂಡದೊಳಗೆ ಚುಚ್ಚುವುದು) ಮೇಲು. ದ್ರವ ಸಾರಜನಕದಲ್ಲೂ ವೈರಸ್ ಸಾಯುವುದಿಲ್ಲ. ಹಾಗಾಗಿ ಸೀಲ್ ಮಾಡಿದ ಸ್ಟ್ರಾ, ಬೇರೆ ಟ್ಯಾಂಕ್.

ಹೆಪಟೈಟಿಸ್ ಬಿ ಇದ್ದರೆ ತೊಳೆಯುವುದನ್ನು ನೆಚ್ಚಬೇಡಿ, ಈ ವೈರಸ್ಸಿನ ಡಿಎನ್‌ಎ ವೀರ್ಯಾಣುವಿನೊಳಗೂ ಸೇರಬಲ್ಲದು. ಹೆಂಡತಿಗೆ 0, 1, 6ನೇ ತಿಂಗಳು ಲಸಿಕೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಆ್ಯಂಟಿಬಾಡಿ 10 ಎಂಐಯು/ಎಂಎಲ್ ದಾಟಿದೆಯೇ ನೋಡಿ. ಹೆಪಟೈಟಿಸ್ ಸಿ ಆದರೆ ಮೊದಲು ಅದನ್ನೇ ಗುಣಪಡಿಸಿಕೊಳ್ಳಿ: ಸಾಮಾನ್ಯವಾಗಿ 12 ವಾರ ಮಾತ್ರೆ, ಮತ್ತೆ 12 ವಾರ ಬಿಟ್ಟು ಪರೀಕ್ಷೆ. ರಿಬಾವಿರಿನ್ ಎಂಬ ಔಷಧವನ್ನೂ ಸೇರಿಸಿದ್ದರೆ ಅದನ್ನು ನಿಲ್ಲಿಸಿ ಆರು ತಿಂಗಳು ಕಾಯಬೇಕು.

ಡಬ್ಬಿಯ ಮೇಲೆ ಕೆಂಪು ಶಾಯಿಯಲ್ಲಿ 'ಎಚ್‌ಐವಿ' ಎಂದು ಬರೆಯುವ ಲ್ಯಾಬ್‌ಗಳಿವೆ, ಅದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. 2017ರ ಎಚ್‌ಐವಿ ಕಾಯ್ದೆ ಗುಟ್ಟು ಕಾಯಲು ಹೇಳುತ್ತದೆ, ಚಿಕಿತ್ಸೆ ನಿರಾಕರಿಸುವುದನ್ನು ತಡೆಯುತ್ತದೆ. ನಮ್ಮಲ್ಲಿ ಡಬ್ಬಿಯ ಮೇಲೆ ಕೋಡ್ ನಂಬರ್ ಮಾತ್ರ. ಗ್ಲೌಸು, ಸೇಫ್ಟಿ ಕ್ಯಾಬಿನೆಟ್ ಎಲ್ಲರ ಸ್ಯಾಂಪಲ್‌ಗೂ ಒಂದೇ.