ಎರಡು ಐಸಿಗಳಿಂದ ಅಂಕೆಗಳನ್ನು ಕೂಡುವ ಸರ್ಕ್ಯೂಟ್ ಕಟ್ಟುವುದು ಹೇಗೆ?

ಹೇಳಿಕೆಗಳನ್ನು ಬೀಜಗಣಿತದ ಚಿಹ್ನೆಗಳಂತೆ ನಡೆಸಬಹುದೆಂದು 19ನೇ ಶತಮಾನದಲ್ಲಿ ತೋರಿಸಿದವರು ಜಾರ್ಜ್ ಬೂಲ್. ಅದೇ ಬೀಜಗಣಿತ ರಿಲೇ ಮತ್ತು ಸ್ವಿಚ್‌ಗಳ ಸರ್ಕ್ಯೂಟ್‌ಗಳಿಗೂ ಹೊಂದುತ್ತದೆಂದು ಕ್ಲಾಡ್ ಶಾನನ್ 1937ರಲ್ಲಿ ಎಂಐಟಿಯ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ವಿವರಿಸಿದರು. ಪಿಯುಸಿಯಲ್ಲಿ ಅಂಕಗಳಿಗಾಗಿ ಬಾಯಿಪಾಠ ಮಾಡುವ ಟ್ರೂತ್ ಟೇಬಲ್ (ಯಾವ ಇನ್‌ಪುಟ್‌ಗಳಿಗೆ ಯಾವ ಫಲಿತಾಂಶ ಎಂಬ ಕೋಷ್ಟಕ) ಈ ಎರಡನ್ನೂ ಬೆಸೆಯುವ ಕೊಂಡಿಯಾದ್ದರಿಂದ, ಅದನ್ನು ಒಮ್ಮೆಯಾದರೂ ಕೈಯಾರೆ ಕಟ್ಟಿ ನೋಡಬೇಕು.

ಮೊದಲ ಕೆಲಸ ಕಾಗದದ ಮೇಲೆ. ಎ ಮತ್ತು ಬಿ ಎಂಬ ಎರಡು ಬಿಟ್‌ಗಳನ್ನು, ಅಂದರೆ 0 ಅಥವಾ 1 ಮಾತ್ರ ಆಗಬಲ್ಲ ಬೈನರಿ ಅಂಕೆಗಳನ್ನು, ಕೂಡಿದಾಗ 0+0 ಎಂದರೆ 00, 0+1 ಮತ್ತು 1+0 ಎಂದರೆ 01, 1+1 ಎಂದರೆ 10. ಬಲಗಡೆಯ ಅಂಕೆ ಮೊತ್ತ, ಎಡಗಡೆಯದು ದಶಕ (ಕ್ಯಾರಿ). ಎರಡರಲ್ಲಿ ಒಂದು ಮಾತ್ರ 1 ಆಗಿದ್ದಾಗ ಮೊತ್ತ 1, ಆದ್ದರಿಂದ ಅದು ಎಕ್ಸ್‌ಆರ್. ಎರಡೂ 1 ಆಗಿದ್ದಾಗ ಮಾತ್ರ ದಶಕ 1, ಆದ್ದರಿಂದ ಅದು ಆ್ಯಂಡ್. ಇದೇ ಹಾಫ್ ಆ್ಯಡರ್.

ಬೇಕಾದ ಸಾಮಾನು ಕಡಿಮೆ: ಎಕ್ಸ್‌ಆರ್ ಗೇಟ್‌ಗಳಿರುವ 74ಎಚ್‌ಸಿ86 ಮತ್ತು ಆ್ಯಂಡ್ ಗೇಟ್‌ಗಳಿರುವ 74ಎಚ್‌ಸಿ08 ಐಸಿಗಳು (ಚಿಪ್‌ಗಳು), ಬೆಸುಗೆಯಿಲ್ಲದೆ ಜೋಡಿಸುವ ಬ್ರೆಡ್‌ಬೋರ್ಡ್, ಎರಡು ಎಲ್‌ಇಡಿ, ಎರಡು 1 ಕಿಲೋಓಮ್ ರೆಸಿಸ್ಟರ್, ವೈರ್‌ಗಳು, ಮೂರು ಎಎ ಸೆಲ್‌ಗಳ ಹೋಲ್ಡರ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇವು ದೊರೆಯುತ್ತವೆ. ಮೂರು ಸೆಲ್‌ಗಳ 4.5 ವೋಲ್ಟ್ ಸಾಕು. ಮನೆಯ ಕರೆಂಟಿನ ಗೋಜಿಗೆ ಹೋಗಲೇಬೇಡಿ.

ಐಸಿಗಳನ್ನು ಬೋರ್ಡಿನ ನಡುವಣ ಸೀಳಿನ ಎರಡೂ ಬದಿಗೆ ಕಾಲುಗಳು ಬರುವಂತೆ ಕೂರಿಸಿ. ಐಸಿಯ ತುದಿಯಲ್ಲಿರುವ ಕಚ್ಚು ಮೇಲ್ಗಡೆ ಇರುವಂತೆ ಹಿಡಿದರೆ ಎಡಬದಿಯ ಮೊದಲ ಕಾಲು 1. ಅಲ್ಲಿಂದ ಕೆಳಗಿಳಿದು, ಬಲಬದಿಯಲ್ಲಿ ಮೇಲೇರುತ್ತ 14ರವರೆಗೆ ಎಣಿಸಬೇಕು. ಎರಡರಲ್ಲೂ 14ಕ್ಕೆ ಪ್ಲಸ್, 7ಕ್ಕೆ ಮೈನಸ್. ಎ ವೈರನ್ನು ಎರಡೂ ಐಸಿಗಳ 1ಕ್ಕೆ, ಬಿ ವೈರನ್ನು 2ಕ್ಕೆ ಜೋಡಿಸಿ. ಪ್ರತಿ ಐಸಿಯ 3ರಿಂದ ರೆಸಿಸ್ಟರ್, ಅದರಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಮೈನಸ್‌ಗೆ. ಬಳಸದ ಇನ್‌ಪುಟ್‌ಗಳಾದ 4, 5, 9, 10, 12, 13ನ್ನೂ ಮೈನಸ್‌ಗೆ ಸೇರಿಸಲೇಬೇಕು. ಎಚ್‌ಸಿ ಐಸಿಗಳಲ್ಲಿ ತೇಲುವ, ಅಂದರೆ ಎಲ್ಲಿಗೂ ಸೇರಿಸದ, ಇನ್‌ಪುಟ್ 0 ಎಂದೂ ಅಲ್ಲ, 1 ಎಂದೂ ಅಲ್ಲ.

ಎ, ಬಿ ವೈರ್‌ಗಳ ತುದಿಯನ್ನು ಪ್ಲಸ್‌ಗೆ ಇಟ್ಟರೆ 1, ಮೈನಸ್‌ಗೆ ಇಟ್ಟರೆ 0. ನಾಲ್ಕೂ ಸಾಲುಗಳನ್ನು ಕಾಗದದೊಂದಿಗೆ ತಾಳೆ ನೋಡಿ. ಎರಡನ್ನೂ ಪ್ಲಸ್‌ಗೆ ಇಟ್ಟಾಗ 86ರ ದೀಪ ಆರಿ 08ರ ದೀಪ ಹೊತ್ತಬೇಕು.

ಹಿಂದಿನ ಸ್ಥಾನದ ದಶಕವನ್ನೂ ಕೂಡಿಕೊಳ್ಳುವ ಫುಲ್ ಆ್ಯಡರ್‌ಗೆ ಎರಡು ಹಾಫ್ ಆ್ಯಡರ್‌ಗಳೂ, ಅವುಗಳ ದಶಕಗಳನ್ನು ಸೇರಿಸಲು ಒಂದು ಆರ್ ಗೇಟೂ (ಎರಡರಲ್ಲಿ ಒಂದಾದರೂ 1 ಆದರೆ 1 ಕೊಡುವಂಥದ್ದು) ಬೇಕೆಂದು ಪುಸ್ತಕಗಳಲ್ಲಿರುತ್ತದೆ. ಆರ್ ಐಸಿ ಕೊಳ್ಳುವ ಮುನ್ನ ಸ್ವಲ್ಪ ತರ್ಕಿಸಿ. ಮೊದಲ ಹಾಫ್ ಆ್ಯಡರ್ ದಶಕ ಕೊಟ್ಟಿತೆಂದರೆ ಅದರ ಮೊತ್ತ 0. ಆ 0 ಎರಡನೆಯದರ ಆ್ಯಂಡ್‌ಗೆ ಹೋಗುವುದರಿಂದ ಅದು ದಶಕ ಕೊಡಲಾರದು. ಎರಡು ದಶಕಗಳೂ ಒಟ್ಟಿಗೆ 1 ಆಗುವ ಸಾಲೇ ಇಲ್ಲ, ಆರ್ ಮತ್ತು ಎಕ್ಸ್‌ಆರ್ ಬೇರೆಯಾಗುವುದು ಆ ಒಂದು ಸಾಲಿನಲ್ಲಿ ಮಾತ್ರ. ಆದ್ದರಿಂದ ಎರಡನೆಯ ಹಾಫ್ ಆ್ಯಡರನ್ನು ಎರಡೂ ಐಸಿಗಳ 4, 5, 6ರಲ್ಲಿ ಕಟ್ಟಿ (4ಕ್ಕೆ 86ರ 3ರಿಂದ ಬರುವ ಮೊತ್ತ, 5ಕ್ಕೆ ಹಿಂದಿನ ದಶಕ), 08ರ 3 ಮತ್ತು 6ರಿಂದ ಬರುವ ದಶಕಗಳೆರಡನ್ನೂ 86ರ 9 ಮತ್ತು 10ಕ್ಕೆ ಕೊಟ್ಟರೆ, ಒಟ್ಟು ದಶಕ ಅದರ 8ರಲ್ಲಿ ಬರುತ್ತದೆ. ಈ ಇನ್‌ಪುಟ್‌ಗಳಿಗೆ ಮೊದಲು ಕೊಟ್ಟಿದ್ದ ಮೈನಸ್ ವೈರ್‌ಗಳನ್ನು ತೆಗೆದೇ ಜೋಡಿಸಿ.