ಮೂರು ಸಲ ಹೋಗಿ ನೋಡಿ ತಂದ ನಾಯಿ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ಎಂಟು ಎಕರೆ ಕಾಫಿ ತೋಟ. ಪಕ್ಕದ ಮನೆಗೆ ಹೋಗಬೇಕೆಂದರೂ ಹತ್ತು ನಿಮಿಷ ನಡೆಯಬೇಕು. ಇಂತಹ ಕಡೆ ನಾಯಿಯಿಲ್ಲದೆ ರಾತ್ರಿ ಕಳೆಯುವುದು ಕಷ್ಟ. 2013ರಲ್ಲಿ ಹನ್ನೆರಡು ಸಾವಿರ ರೂಪಾಯಿ ಕೊಟ್ಟು ಲ್ಯಾಬ್ರಡಾರ್ ಮರಿಯೊಂದನ್ನು ತಂದೆವು. ರಟ್ಟಿನ ಪೆಟ್ಟಿಗೆಯಲ್ಲಿ ಬಂದಾಗ ಅದಕ್ಕೆ ಮೂವತ್ತೈದು ದಿನ. ಅದರ ತಾಯಿಯನ್ನು ನಾವು ನೋಡಿರಲಿಲ್ಲ, ನೋಡಬೇಕೆಂದು ಮಾರಿದವರೂ ಹೇಳಲಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂಬ ಕೇಂದ್ರ ಸರ್ಕಾರದ ನಿಯಮ ಬಂದದ್ದು 2017ರಲ್ಲಿ.

ಬ್ರೂನೋ ಎಂದು ಹೆಸರಿಟ್ಟೆವು. ಹನ್ನೊಂದು ತಿಂಗಳಾಗುವಾಗ ಅವನು ಕಾಫಿ ಕಣದ ಮೆಟ್ಟಿಲು ಹತ್ತಲು ಹಿಂಜರಿಯತೊಡಗಿದ. ಓಡುವಾಗ ಹಿಂಗಾಲು ಎರಡನ್ನೂ ಜೋಡಿಸಿ ಮೊಲದಂತೆ ಕುಪ್ಪಳಿಸುತ್ತಿದ್ದ. ನಾವು ಅದನ್ನು ಆಟವೆಂದುಕೊಂಡೆವು. ಮೈಸೂರಿನಲ್ಲಿ ಎಕ್ಸ್-ರೇ ತೆಗೆದಾಗ ಗೊತ್ತಾಯಿತು, ಸೊಂಟದ ಕೀಲಿನ ಗುಳಿ ಆಳವಾಗಿರಲಿಲ್ಲ, ತೊಡೆಮೂಳೆಯ ತುದಿ ಅದರೊಳಗೆ ಸರಿಯಾಗಿ ಕೂತಿರಲಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂತಹ ದೊಡ್ಡ ತಳಿಗಳಲ್ಲಿ ವಂಶಪಾರಂಪರ್ಯವಾಗಿ ಬರುವ ತೊಂದರೆಯಿದು. "ತಂದೆ ತಾಯಿಯ ಸೊಂಟದ ಎಕ್ಸ್-ರೇ ಕೇಳಿದ್ದಿರಾ?" ಎಂದು ವೈದ್ಯರು ವಿಚಾರಿಸಿದರು. ನಮ್ಮ ಬಳಿ ಇದ್ದದ್ದು ಅಜ್ಜ ಅಜ್ಜಿಯರ ಹೆಸರು ಬರೆದ ವಂಶಾವಳಿಯ ಕಾಗದ ಮಾತ್ರ. ಅದರಲ್ಲಿ ಕೀಲಿನ ಸುದ್ದಿ ಇರಲಿಲ್ಲ.

ಒಂಬತ್ತು ವರ್ಷ ಅವನನ್ನು ಮಗುವಿನಂತೆ ಸಾಕಿದೆವು. ಮಳೆಗಾಲದಲ್ಲಿ ಆ ದಪ್ಪ ತುಪ್ಪಳ ಒಣಗುತ್ತಲೇ ಇರಲಿಲ್ಲ. ಜೋಲು ಕಿವಿಯೊಳಗೆ ಕೀವು, ಹೊಟ್ಟೆಯ ಮೇಲೆ ಹುಣ್ಣು. ಆದರೂ ಅವನಷ್ಟು ಮೃದು ಜೀವವನ್ನು ನಾನು ಕಂಡಿಲ್ಲ. 2022ರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ತೀರಿಹೋದ. ಆಮೇಲೆ ಎಂಟು ತಿಂಗಳು ಅಂಗಳ ಬಿಕೋ ಎನ್ನುತ್ತಿತ್ತು.

ಈ ಸಲ ಆಶ್ರಯ ಕೇಂದ್ರದಿಂದ ತರೋಣ ಎಂದಾಗ ಅತ್ತೆ ಒಪ್ಪಲಿಲ್ಲ. "ಎಲ್ಲಿಯದೋ ಬೆರಕೆ ನಾಯಿ, ಹೇಗೆ ನಂಬುವುದು?" ಎಂದರು. ಉತ್ತರ ಕೊಟ್ಟದ್ದು ಮಾವ. ನಮ್ಮ ತೋಟದ ಮೇಲಿನ ಭಾಗದಲ್ಲಿ ಎಸ್.795 ಅರೇಬಿಕಾ ಇದೆ. ಕೆಂಟ್ ಮತ್ತು ಎಸ್.288 ಎಂಬ ಎರಡು ಕಾಫಿ ತಳಿ ಸೇರಿಸಿ ಮಾಡಿದ್ದು ಅದು, ಆ ಎಸ್.288 ಸಹ ಅರೇಬಿಕಾ ಮತ್ತು ಲೈಬೀರಿಕಾ ಎಂಬ ಬೇರೆ ಬೇರೆ ಜಾತಿಯ ಕಾಫಿ ಗಿಡಗಳು ತಾವಾಗಿಯೇ ಬೆರೆತು ಹುಟ್ಟಿದ್ದರ ಸಂತತಿ. "ಮೂವತ್ತು ವರ್ಷದಿಂದ ಬೆರಕೆ ಗಿಡದ ಅನ್ನ ಉಣ್ಣುತ್ತಿದ್ದೇವೆ, ನಾಯಿಗೆ ಮಾತ್ರ ಜಾತಿ ಯಾಕೆ?" ಎಂದರು. ಅತ್ತೆ ಮತ್ತೆ ಮಾತಾಡಲಿಲ್ಲ.

ಜಿಲ್ಲೆಯ ಹೊರಗಿನ ಒಂದು ಆಶ್ರಯ ಕೇಂದ್ರಕ್ಕೆ ಹೋದೆ. ಮೊದಲ ದಿನ ನನ್ನ ಸೀರೆಯ ಸೆರಗು ಹಿಡಿದು ಎಳೆದ ಎರಡು ತಿಂಗಳ ಮರಿಯ ಮೇಲೆಯೇ ಮನಸ್ಸು ಬಿತ್ತು. ಅಲ್ಲಿ ನಾಯಿಗಳನ್ನು ನೋಡಿಕೊಳ್ಳುವ ಹುಡುಗ, "ಅಕ್ಕ, ಇವತ್ತು ಏನೂ ತೀರ್ಮಾನ ಮಾಡಬೇಡಿ. ಇನ್ನೆರಡು ಸಲ ಬೇರೆ ಬೇರೆ ಹೊತ್ತಿಗೆ ಬನ್ನಿ. ಬೆಳೆದ ನಾಯಿಗಳನ್ನೂ ನೋಡಿ" ಎಂದ. ನನಗೆ ಸಿಕ್ಕ ಅತ್ಯುತ್ತಮ ಸಲಹೆ ಅದು. ಮರಿ ಮುಂದೆ ಏನಾಗುತ್ತದೆ ಎಂಬುದು ಊಹೆ, ಬೆರಕೆ ಮರಿಯದಂತೂ ಎಷ್ಟು ಎತ್ತರ ಬೆಳೆಯುತ್ತದೆ ಎನ್ನುವುದೂ ಊಹೆಯೇ. ಮೂರು ವರ್ಷದ ನಾಯಿಯ ಗುಣ, ಗಾತ್ರ, ನಡಿಗೆ ಎಲ್ಲವೂ ಕಣ್ಣೆದುರಿಗೇ ಇರುತ್ತವೆ.

ಎರಡನೆಯ ಸಲ ಸಂಜೆ ಹೋದೆ. ಬೇಲಿಯಾಚೆ ದನಗಳು ಮನೆಗೆ ಮರಳುವ ಹೊತ್ತು. ಹೆಚ್ಚಿನ ನಾಯಿಗಳು ಬೇಲಿಯುದ್ದಕ್ಕೂ ಬೊಗಳುತ್ತಾ ಓಡಿದವು. ಕೆಂದು ಬಣ್ಣದ, ಒಂದು ಕಿವಿ ನೆಟ್ಟಗೆ ಇನ್ನೊಂದು ಮಡಚಿದ ಹೆಣ್ಣುನಾಯಿಯೊಂದು ಎದ್ದು ನಿಂತು ನೋಡಿತು, ಎರಡು ಸಲ ಬೊಗಳಿತು, ಮತ್ತೆ ಕೂತಿತು. ನಮಗೆ ಬೇಕಾದದ್ದು ಅಂತಹುದೇ. ತೋಟಕ್ಕೆ ಆನೆ ಬರುತ್ತದೆ. ಆನೆಯನ್ನು ಅಟ್ಟಲು ಹೋಗುವ ನಾಯಿ, ಆನೆ ತಿರುಗಿ ಬಿದ್ದ ಕ್ಷಣ ಓಡಿಬರುವುದು ಯಜಮಾನನ ಕಾಲಬುಡಕ್ಕೆ, ಅದರ ಬೆನ್ನಿಗೇ ಆನೆಯೂ ಬರುತ್ತದೆ. ಕೊಡಗಿನಲ್ಲಿ ನಾಯಿ ತರುವವರು ತಳಿಗಿಂತ ಮೊದಲು ಇದನ್ನು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರನೆಯ ಸಲ ಅತ್ತೆಯನ್ನೂ, ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಅಣ್ಣನನ್ನೂ ಕರೆದುಕೊಂಡು ಹೋದೆ. ಹೆಗಲ ಮೇಲೆ ಗೋಣಿಚೀಲ ಹಾಕಿಕೊಂಡು ಆ ಕೆಂದು ನಾಯಿಯ ಮುಂದೆ ನಡೆಯಲು ಅಣ್ಣನಿಗೆ ಹೇಳಿದೆ. ಕೊಯ್ಲಿನ ಕಾಲದಲ್ಲಿ ದಿನವೂ ಕಾಣುವ ನೋಟವದು. ನಾಯಿ ಹಿಂದೆ ಸರಿಯಿತು, ಹಲ್ಲು ತೋರಿಸಲಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ, ಹುಚ್ಚುನಾಯಿ ರೋಗದ ಲಸಿಕೆ ಆಗಿದ್ದವು. 2023ರ ಮಾರ್ಚ್‌ನಲ್ಲಿ ಕೆಂಚಿ ಮನೆಗೆ ಬಂದಳು. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಹಾರಿಸುವ ಗುಂಡಿನ ಸದ್ದೂ ಕೊಯ್ಲಿನ ಗದ್ದಲವೂ ಮುಗಿಯಲಿ ಎಂದು ಬೇಕೆಂದೇ ಕಾದಿದ್ದೆ.

ಮೊದಲ ಮೂರು ದಿನ ಅವಳು ಸೌದೆ ಕೊಟ್ಟಿಗೆಯ ಮೂಲೆ ಬಿಟ್ಟು ಬರಲಿಲ್ಲ. ಅನ್ನ ಇಟ್ಟು ನಾವು ದೂರ ಹೋದ ಮೇಲೆ ತಿನ್ನುತ್ತಿದ್ದಳು. ನಾನು ದಿನಕ್ಕೆ ಎರಡು ಸಲ ಅಲ್ಲಿಗೆ ಹೋಗಿ, ಅವಳ ಕಡೆ ನೋಡದೆ, ಹತ್ತಿರ ಕೂತು ಕಾಳುಮೆಣಸು ಬಿಡಿಸುತ್ತಿದ್ದೆ. ನಾಲ್ಕನೆಯ ದಿನ ಮೂಗು ನನ್ನ ಮೊಣಕೈಗೆ ತಾಗಿತು. ಎಲ್ಲ ಸರಿಹೋಯಿತು ಎಂದುಕೊಂಡೆ. ಆದರೆ ಆ ವಾರವೇ ಕಣದಲ್ಲಿ ಒಣಹಾಕಿದ ರೋಬಸ್ಟಾ ಕಾಫಿ ಕೆದಕಲು ಉದ್ದ ಹಿಡಿಯ ಹಲಿಗೆ ಎತ್ತಿದಾಗ, ಪಕ್ಕದಲ್ಲಿದ್ದ ಕೆಂಚಿ ನೆಲಕ್ಕೆ ಅಂಟಿದಂತೆ ಮಲಗಿ ಉಚ್ಚೆ ಹೊಯ್ದುಬಿಟ್ಟಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಯಾರು ಯಾವಾಗ ಹೊಡೆದಿದ್ದರೋ. ಹಲಿಗೆಯನ್ನು ಕೆಳಗಿಟ್ಟು ಅಲ್ಲೇ ಕೂತೆ. ಅವಳು ಏಳುವವರೆಗೆ ಆ ದಿನ ಕಾಫಿ ಕೆದಕಲಿಲ್ಲ.

ಬೆರಕೆ ನಾಯಿಗೆ ರೋಗವೇ ಬರುವುದಿಲ್ಲ ಎನ್ನುವವರಿದ್ದಾರೆ. ಅದನ್ನು ನಂಬಿ ಲಸಿಕೆ ತಪ್ಪಿಸಬೇಡಿ. ಒಂದೇ ತಳಿಯೊಳಗೆ ಕೂಡಿಸುತ್ತಾ ಬಂದದ್ದರಿಂದ ಗಟ್ಟಿಯಾಗುವ ಕೆಲವು ಹುಟ್ಟು ದೋಷಗಳು ಬೆರಕೆಯಲ್ಲಿ ಕಡಿಮೆಯಾಗಬಹುದು, ಆದರೆ ವಾಂತಿ ಭೇದಿ ತರುವ ಪಾರ್ವೋ ಸೋಂಕು, ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವ ಉಣ್ಣೆ ಜ್ವರ ತಳಿ ಕೇಳಿ ಬರುವುದಿಲ್ಲ. ಎಸ್.795 ಕಾಫಿಗೂ ಕಾಂಡಕೊರಕ ಹುಳು ಬೀಳುತ್ತದೆಯಲ್ಲ. ಏಪ್ರಿಲ್‌ನಲ್ಲಿ ಕೆಂಚಿ ಊಟ ಬಿಟ್ಟಳು, ಒಸಡು ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು, ಉಣ್ಣೆ ಜ್ವರ. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟೆವು, ನಡುವೆಯೇ ಚೇತರಿಸಿಕೊಂಡರೂ ಅಷ್ಟು ದಿನ ಮುಗಿಯುವವರೆಗೆ ನಿಲ್ಲಿಸಲಿಲ್ಲ. ಈಗ ಪ್ರತಿ ಸಂಜೆ ಅತ್ತೆ ಕೆಂಚಿಯ ತಲೆ ಹಿಡಿದುಕೊಳ್ಳುತ್ತಾರೆ, ನಾನು ಟಾರ್ಚ್ ಬಿಟ್ಟು ಬೆರಳ ಸಂದು, ಕಿವಿಯೊಳಗು, ಕೊರಳಪಟ್ಟಿಯ ಅಡಿ ನೋಡುತ್ತೇನೆ. ಸಿಕ್ಕ ಉಣ್ಣೆಯನ್ನು ಚಿಮುಟದಿಂದ ಚರ್ಮದ ಬುಡಕ್ಕೇ ಹಿಡಿದು ನೇರವಾಗಿ ಎಳೆಯಬೇಕು, ಬೆರಳಲ್ಲಿ ಹಿಸುಕಬಾರದು. ಮಳೆ ಹಿಡಿದ ಮೇಲೆ ಇದರ ಜೊತೆಗೆ ಜಿಗಣೆ. ಆದರೆ ಅವಳ ಗಿಡ್ಡ ಕೂದಲು ಒಂದು ಹಳೆ ಪಂಚೆಯಲ್ಲಿ ಒರೆಸಿದರೆ ಒಣಗುತ್ತದೆ.

ರಾತ್ರಿ ಅವಳು ಮನೆಯೊಳಗೇ ಮಲಗುತ್ತಾಳೆ. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು, ಯಾವ ತಳಿಯೇ ಆಗಿರಲಿ.

ಲ್ಯಾಬ್ರಡಾರೇ ಬೇಕು ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ, ಬ್ರೂನೋ ನನ್ನವನೇ ಆಗಿದ್ದ. ಮರಿಯ ತಾಯಿಯನ್ನು ಅದು ಇರುವಲ್ಲಿಗೇ ಹೋಗಿ ನೋಡಿ, ಸೊಂಟದ ಎಕ್ಸ್-ರೇ ಕೇಳಿ, ತೋರಿಸದಿದ್ದರೆ ಬರಿಗೈಯಲ್ಲಿ ಎದ್ದು ಬನ್ನಿ ಎಂದಷ್ಟೇ ಅವರಿಗೆ ಹೇಳುತ್ತೇನೆ.

ಕಳೆದ ಕೊಯ್ಲಿನಲ್ಲಿ ಕೆಲಸದವರ ಮಕ್ಕಳು ಕೆಂಚಿಯ ಬೆನ್ನಿಗೆ ಒರಗಿ ನಿದ್ದೆ ಮಾಡಿದರು. ಆನೆ ಬಂದ ರಾತ್ರಿ ಅವಳು ಬಾಗಿಲ ಬಳಿ ನಿಂತು ಗಂಟಲೊಳಗೇ ಗುರುಗುಟ್ಟಿದಳು, ನಾವು ದೀಪ ಹಾಕಿ ಒಳಗೇ ಉಳಿದೆವು. ಹಲಿಗೆ ಎತ್ತಿದರೆ ಮಾತ್ರ ಇಂದಿಗೂ ಕಣ ಬಿಟ್ಟು ಇಳಿದು ಹೋಗುತ್ತಾಳೆ. ನಾನು ಕರೆಯುವುದಿಲ್ಲ. ಕೆದಕಿ ಮುಗಿಸಿ, ಹಲಿಗೆಯನ್ನು ಗೋಡೆಯ ಹಿಂದೆ ಇಟ್ಟು ಬಂದ ಮೇಲೆ, ತಾನಾಗಿಯೇ ಬರುತ್ತಾಳೆ.